ಅರವತ್ತಮೂರು ಚೀಲ, ಒಂದು ಮಿಷನ್

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಕೂತು, ಸೈಕಲ್ ಸೀಟಿನ ಕೆಳಗೆ ಕಟ್ಟುವ ಕ್ಯಾನ್ವಾಸ್ ಚೀಲ ಹೊಲಿಯುತ್ತೇನೆ. ಒಂದು ಟ್ಯೂಬು, ಪಂಕ್ಚರ್ ಕಿಟ್, ಪುಟ್ಟ ಸ್ಪ್ಯಾನರ್ ಹಿಡಿಸುವಷ್ಟು ಚೀಲ. ಮೊದಲೆಲ್ಲ ವಾರಕ್ಕೆ ಎರಡೋ ಮೂರೋ ಹೋಗುತ್ತಿದ್ದವು.

2020ರಲ್ಲಿ ಮೊದಲ ಲಾಕ್‌ಡೌನ್ ಸಡಿಲವಾದಾಗ ಜಿಮ್‌ಗಳು ಇನ್ನೂ ಮುಚ್ಚಿದ್ದವು, ಬಸ್ ಹತ್ತಲು ಜನರಿಗೆ ಭಯ. ಎಲ್ಲರೂ ಸೈಕಲ್ ಕಡೆ ತಿರುಗಿದರು. ಅಂಗಡಿಗಳಲ್ಲಿ ಗೇರ್ ಸೈಕಲ್ ಸಿಗುವುದೇ ಕಷ್ಟವಾಯಿತು. ಆಗ ಗಿರಾಕಿಯೊಬ್ಬರು ನನ್ನ ಚೀಲದ ಫೋಟೊ ತೆಗೆದು ಸೈಕಲ್ ಗೆಳೆಯರಿಗೆಲ್ಲ ಕಳಿಸಿದರು. ಎರಡೇ ದಿನದಲ್ಲಿ 63 ಆರ್ಡರ್. ಖುಷಿಯಲ್ಲಿ ಎಲ್ಲರಿಗೂ ಹೂಂ ಎಂದೆ, ಹತ್ತು ದಿನದಲ್ಲಿ ಕೊಡುತ್ತೇನೆ ಎಂದು ಮಾತು ಕೊಟ್ಟು ಅಡ್ವಾನ್ಸನ್ನೂ ತೆಗೆದುಕೊಂಡೆ.

ಆ ಮಾತು ಕೊಡುವ ಮೊದಲು ಒಂದು ಲೆಕ್ಕ ಹಾಕಬೇಕಿತ್ತು. ಒಂದು ಚೀಲಕ್ಕೆ ನಾಲ್ಕು ಗಂಟೆ ಬೇಕು. 63 ಚೀಲಕ್ಕೆ 252 ಗಂಟೆ. ಮನೆಗೆಲಸ ಕಳೆದು ದಿನಕ್ಕೆ ಆರು ಗಂಟೆ ಕೂತರೂ 42 ದಿನ. ಈ ಲೆಕ್ಕ ಮಾಡಿದ್ದು ಏಳನೆಯ ರಾತ್ರಿ, ಬೆನ್ನು ನೆಟ್ಟಗಾಗದೆ ಗೋಡೆಗೆ ಒರಗಿ ಕೂತಾಗ.

ಅಷ್ಟರಲ್ಲಿ ಅವಸರ ತನ್ನ ಕೆಲಸ ಮಾಡಿತ್ತು. ಹೊಸ ತಾನಿನ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಹಾಗೇ ಕತ್ತರಿಸಿದ್ದೆ. ಹತ್ತಿ ಕ್ಯಾನ್ವಾಸ್ ಮೊದಲ ನೀರಿಗೆ ಕುಗ್ಗುತ್ತದೆ. ಒಂದೇ ಮಳೆಗೆ ಆರು ಚೀಲಗಳ ಮುಚ್ಚಳ ಬಕಲ್‌ಗೆ ಎಟುಕದಾದವು. ಇನ್ನೊಂದು ಅದಕ್ಕಿಂತ ದೊಡ್ಡ ತಪ್ಪು. ಸೀಟಿನ ಕಂಬಿಗೆ ಸುತ್ತುವ ಪಟ್ಟಿಯ ಬುಡದಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ ಹಾಕಬೇಕು. ಚೀಲದ ಭಾರವೆಲ್ಲ ನಿಲ್ಲುವುದು ಅಲ್ಲೇ. ರಾತ್ರಿ ಹೊಲಿದ ಒಂದು ಚೀಲಕ್ಕೆ ಆ ಅಡ್ಡ ಹೊಲಿಗೆ ಬಿಟ್ಟುಹೋಗಿತ್ತು. ನಂಜನಗೂಡು ರಸ್ತೆಯಲ್ಲಿ ಪಟ್ಟಿ ಕಿತ್ತುಬಂದು ಚೀಲ ಬಿತ್ತು. ಪುಣ್ಯಕ್ಕೆ ರಸ್ತೆ ಬದಿಗೆ ಬಿತ್ತು. ಹಿಂದಿನ ಚಕ್ರಕ್ಕೆ ಸಿಕ್ಕಿದ್ದರೆ? ಆ ಚೀಲ ಕೊಂಡಿದ್ದ ಹುಡುಗ ಸಿಟ್ಟು ಮಾಡಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮಿಷನ್ ಮುಟ್ಟಲಿಲ್ಲ. ಹೊಸ ಆರ್ಡರ್ ನಿಲ್ಲಿಸಿ, ಬಾಕಿ ಇದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ನಿಜವಾದ ತಾರೀಖು ಹೇಳಿ, ಕಾಯಲಾಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡುತ್ತೇನೆ ಎಂದೆ. ಹಣ ಕೇಳಿದವರು ಒಂಬತ್ತೇ ಜನ. ಒಬ್ಬ ಹಿರಿಯರು, "ಕಾಯ್ತೀನಮ್ಮ, ಆದ್ರೆ ಹೇಳಿದ ದಿನ ತಪ್ಪಿಸ್ಬೇಡ" ಎಂದರು. ಗಿರಾಕಿಗೆ ತಡಕ್ಕಿಂತ ಹೆಚ್ಚು ನೋವಾಗುವುದು ಸುಳ್ಳು ತಾರೀಖಿನಿಂದ ಎಂಬುದು ಆಗ ತಿಳಿಯಿತು.

ಕೆಲಸದ ಕ್ರಮವನ್ನೂ ಬದಲಿಸಿದೆ. ಒಂದೊಂದೇ ಚೀಲ ಮುಗಿಸುವ ಬದಲು ಹತ್ತು ಚೀಲದ ಬಟ್ಟೆ ಒಟ್ಟಿಗೆ ನೆನೆಸಿ, ಒಣಗಿಸಿ, ತಗಡಿನ ಅಚ್ಚು ಇಟ್ಟು ಗುರುತು ಹಾಕಿ ಕತ್ತರಿಸಿದೆ. ಆಮೇಲೆ ಹತ್ತರದೂ ಪಟ್ಟಿ, ಆಮೇಲೆ ಹತ್ತರದೂ ಮುಚ್ಚಳ. ಸೂಜಿ, ದಾರ ಪದೇ ಪದೇ ಬದಲಿಸುವ ಹೊತ್ತು ಉಳಿಯಿತು. ನಾಲ್ಕು ಗಂಟೆಯ ಕೆಲಸ ಮೂರಕ್ಕೆ ಇಳಿಯಿತು. ಎದುರು ಮನೆಯ ಅಕ್ಕನಿಗೆ ಕೂಲಿ ಕೊಟ್ಟು ಅಂಚು ಮಡಿಸುವುದು, ಬಕಲ್ ಪೋಣಿಸುವುದನ್ನು ಒಪ್ಪಿಸಿದೆ. ಪಟ್ಟಿಯ ಬುಡದ ಹೊಲಿಗೆಯನ್ನು ಮಾತ್ರ ನಾನೇ ಹಾಕಿದೆ, ಅದೂ ಬೆಳಗಿನ ಬೆಳಕಿನಲ್ಲಿ.

ಕೊನೆಯ ಚೀಲ ಕೊರಿಯರ್‌ಗೆ ಹೋದದ್ದು ಹೊಸದಾಗಿ ಹೇಳಿದ ತಾರೀಖಿಗಿಂತ ಎರಡು ದಿನ ಮೊದಲು. ಈಗ ಆರ್ಡರ್ ಪುಸ್ತಕದಲ್ಲಿ ತಿಂಗಳಿಗೆ ಇಪ್ಪತ್ತೈದು ಗೆರೆ ಎಳೆದಿರುತ್ತೇನೆ. ಅಷ್ಟು ತುಂಬಿದರೆ ಮುಂದಿನ ತಿಂಗಳ ಹಾಳೆ. ಮುಗಿದ ಪ್ರತಿ ಚೀಲಕ್ಕೂ ಅಕ್ಕಿ ತುಂಬಿ ಒಂದು ರಾತ್ರಿ ಕಿಟಕಿಯ ಸರಳಿಗೆ ನೇತು ಹಾಕುತ್ತೇನೆ. ಬೆಳಿಗ್ಗೆ ಎದ್ದವಳೇ ಮೊದಲು ನೋಡುವುದು ಆ ಪಟ್ಟಿಯ ಬುಡವನ್ನು.