ತಪ್ಪಿದ ಬಿಸಿಯೂಟದ ಬಾಕಿ

ಅಕ್ಕಿ ಬಂದಿಲ್ಲವೆಂದೋ, ಅನಿಲ ತೀರಿತೆಂದೋ, ಅಡುಗೆಯವರು ಬಾರದೆ ಹೋದರೆಂದೋ ಶಾಲೆಯಲ್ಲಿ ಒಲೆ ಉರಿಯದ ದಿನ, ಹಸಿದು ಬಂದ ಮಗುವಿಗೆ ಮನೆಯಲ್ಲಿದ್ದುದನ್ನು ಬಡಿಸಿ ಸುಮ್ಮನಾಗುವ ತಂದೆತಾಯಿಗಳೇ ನಮ್ಮಲ್ಲಿ ಬಹುಮಂದಿ. ಸರ್ಕಾರವು ಕೃಪೆಯಿಂದ ಕೊಡುತ್ತಿದ್ದುದು ಒಂದು ದಿನ ತಪ್ಪಿದರೆ ಯಾರನ್ನು ಕೇಳುವುದೆಂಬುದು ಅವರ ಸಂಕೋಚ. ಈ ಸಂಕೋಚಕ್ಕೆ ಕಾನೂನಿನಲ್ಲಿ ಎಳ್ಳಷ್ಟೂ ಆಧಾರವಿಲ್ಲ.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞಾಪಿಸಿತು. ಅದುವರೆಗೆ ಹಲವು ರಾಜ್ಯಗಳು ಹಸಿ ಧಾನ್ಯವನ್ನು ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಮನೆಗೆ ಹೋದ ಧಾನ್ಯವು ಎಲ್ಲರ ಪಾಲಾಗಿ, ಮಗುವಿನ ಮಧ್ಯಾಹ್ನದ ಹಸಿವು ಇದ್ದಲ್ಲಿಯೇ ಉಳಿಯುತ್ತಿತ್ತು. ಕರ್ನಾಟಕದಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಯಿತು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 5ನೆಯ ಪ್ರಕರಣವು ಈ ಊಟವನ್ನು ಶಾಸನಬದ್ಧ ಹಕ್ಕನ್ನಾಗಿ ಮಾಡಿತು. ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ರಜೆಯ ಹೊರತು ಪ್ರತಿದಿನವೂ ಉಚಿತ ಊಟ. ಕಿರಿಯ ಪ್ರಾಥಮಿಕದವರಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಸಸಾರಜನಕ, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲರಿ ಮತ್ತು 20 ಗ್ರಾಂ. ಒಂಬತ್ತು ಹತ್ತನೆಯ ತರಗತಿಗಳಿಗೆ ನಮ್ಮಲ್ಲಿ ದೊರೆಯುವ ಬಿಸಿಯೂಟ ರಾಜ್ಯವೇ ಸೇರಿಸಿಕೊಂಡುದಾದುದರಿಂದ ಈ ಪ್ರಕರಣದ ಆಶ್ರಯ ಅದಕ್ಕಿಲ್ಲ.

ಬಹುಜನರು ಅರಿಯದ ಮಾತೆಂದರೆ ಈ ಕಾಯಿದೆಯಡಿ ರಚಿತವಾದ 2015ರ ಮಧ್ಯಾಹ್ನದ ಊಟದ ನಿಯಮಾವಳಿಯ 9ನೆಯ ನಿಯಮ. ಯಾವ ಕಾರಣದಿಂದಲೇ ಆಗಲಿ ಊಟ ನಡೆಯದಿದ್ದರೆ, ಆ ದಿನಕ್ಕೆ ಮಗುವಿಗೆ ಸಲ್ಲಬೇಕಾದ ಧಾನ್ಯವನ್ನೂ ಅಡುಗೆಯ ವೆಚ್ಚವನ್ನೂ ಮುಂದಿನ ತಿಂಗಳ 15ನೆಯ ತಾರೀಖಿನೊಳಗಾಗಿ ಆಹಾರ ಭದ್ರತಾ ಭತ್ಯೆಯ ರೂಪದಲ್ಲಿ ಸರ್ಕಾರವು ತೆರಬೇಕು. ಸತತ ಮೂರು ದಿನ, ಅಥವಾ ತಿಂಗಳಲ್ಲಿ ಐದು ದಿನ ತಪ್ಪಿದರೆ ಹೊಣೆಗಾರರನ್ನು ಗೊತ್ತುಪಡಿಸಿ ಕ್ರಮ ಜರುಗಿಸಬೇಕು. ಬಡಿಸಿದ ಊಟವನ್ನು ಮಗುವೇ ಒಲ್ಲೆನೆಂದರೆ ಭತ್ಯೆಯಿಲ್ಲ, ಅದು ನ್ಯಾಯವೇ. ಆದರೆ ಊಟದ ಗುಣಮಟ್ಟ ಕೆಟ್ಟಿತೆಂಬ ಕಾರಣಕ್ಕೂ ಭತ್ಯೆ ಕೇಳುವಂತಿಲ್ಲವೆಂದು ಬರೆದಿರುವುದು ನನಗೆ ಸರಿಯೆನಿಸುವುದಿಲ್ಲ. ಹುಳು ಬಿದ್ದ ಸಾರನ್ನು ತಟ್ಟೆಯಲ್ಲಿ ಬಿಟ್ಟೆದ್ದ ಮಗುವೂ ಹಸಿದೇ ಇರುತ್ತದಲ್ಲವೇ? ಭತ್ಯೆ ಸಿಗದಿದ್ದರೂ ಅಂಥ ಊಟದ ಬಗ್ಗೆ ದೂರು ಕೊಡಲು ಅಡ್ಡಿಯೇನಿಲ್ಲ.

ಕೇಳುವ ಕ್ರಮ ಕಠಿನವಲ್ಲ. ಊಟ ತಪ್ಪಿದ ತಾರೀಖುಗಳನ್ನು ಬರೆದಿಟ್ಟುಕೊಂಡು, ಮೊದಲು ಮುಖ್ಯೋಪಾಧ್ಯಾಯರಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹಣವೋ ಧಾನ್ಯವೋ ತೀರಿದಾಗ ಶಾಲೆಯ ಅನ್ಯ ನಿಧಿಯಿಂದ ಊಟ ನಡೆಸುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಉಂಟು, ಇದನ್ನು ಅರ್ಜಿಯಲ್ಲಿಯೇ ಸ್ಮರಿಸಬಹುದು. ಶಾಲೆಯವರು ಊಟದ ದಾಖಲೆ ತೋರಿಸಲೊಪ್ಪದಿದ್ದರೆ ಮಾಹಿತಿ ಹಕ್ಕು ಕಾಯಿದೆಯನ್ವಯ ಪ್ರತಿ ಕೇಳಿದಲ್ಲಿ 30 ದಿನಗಳೊಳಗೆ ಉತ್ತರ ಬರಬೇಕು. ಅಲ್ಲಿಂದ ಮುಂದೆ ತಾಲ್ಲೂಕಿನ ಅಕ್ಷರ ದಾಸೋಹ ಕಚೇರಿ, ಅನಂತರ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ. ಅವರ ಆದೇಶದಿಂದ ತೃಪ್ತಿಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಕುಂದುಕೊರತೆ ನಿವಾರಣಾಧಿಕಾರಿ ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರನಿಗೆ ಆಯೋಗವು 5,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು.