ಓದಲು ತಡವರಿಸುವ ಮಗು, ಆಡಿಕೊಳ್ಳುವ ತರಗತಿ

ಗಟ್ಟಿಯಾಗಿ ಓದುವಾಗ ತಡವರಿಸುವ ಮಗುವನ್ನು ಸಹಪಾಠಿಗಳು ಆಡಿಕೊಂಡರೆ, ಗೇಲಿಯನ್ನೂ ಓದಿನ ತೊಡಕನ್ನೂ ಒಟ್ಟಿಗೇ ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪಾಗಿ ಕೂತು, ಕಲಿಕಾ ಏಣಿಯನ್ನು ಅವರವರ ವೇಗದಲ್ಲಿ ಏರುತ್ತಾರೆ. ದಡ್ಡರೆಂಬ ಹಣೆಪಟ್ಟಿಗೆ ಅಲ್ಲಿ ಜಾಗ ಕಡಿಮೆ. ನಾಲ್ಕನೇ ತರಗತಿಗೆ ಬಂದಾಗ ಆ ಆಸರೆ ತಪ್ಪುತ್ತದೆ. ಆಗ ಪೋಷಕರು ಮೊದಲು ತರಗತಿ ಶಿಕ್ಷಕರನ್ನು ಕಾಣುವುದು ಒಳ್ಳೆಯದು. ಎಲ್ಲರೆದುರು ನಿಲ್ಲಿಸಿ ಓದಿಸುವ ಬದಲು ಗೆಳೆಯನೊಡನೆ ಜೋಡಿ ಓದು, ಮಗುವೇ ಆರಿಸಿಕೊಂಡ ಪುಸ್ತಕ (ಚಿತ್ರಕಥೆಯಾದರೂ ಸರಿ) ಹೆಚ್ಚು ಧೈರ್ಯ ಕೊಡುತ್ತವೆ. ಡಿಸ್ಲೆಕ್ಸಿಯಾದ ಅನುಮಾನವಿದ್ದರೆ ತಪಾಸಣೆ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಶಿಕ್ಷಕರಿಂದಲೇ ಮಾನಸಿಕ ಕಿರುಕುಳವಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸುತ್ತದೆ. ಸರ್ಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದೆ ವಿಷಯ ಇಡಬಹುದು; ಮಕ್ಕಳ ಸಹಾಯವಾಣಿ 1098.