ಹಳೆಯ ಆರು ಸಿಲಿಂಡರಿನ ಇಂಜಿನಿಗೆ ಹೊಸ ಕಾರ್ಬ್ಯುರೇಟರ್

ಸೇನೆಯ ಹರಾಜಿನಲ್ಲಿ ಕೊಂಡ ಜೋಂಗಾ ವಾಹನಗಳು ಕೊಡಗು, ಮಲೆನಾಡುಗಳ ಕೆಲವು ತೋಟಗಳಲ್ಲಿ ಇಂದಿಗೂ ಗೊಬ್ಬರ, ಕಾಫಿ ಮೂಟೆಗಳನ್ನು ಹೊರುತ್ತಿವೆ. ನಿಸ್ಸಾನ್ ಕಂಪನಿಯ ಪರವಾನಗಿಯ ಮೇಲೆ ಜಬಲ್‌ಪುರದ ಸರಕಾರಿ ಕಾರ್ಖಾನೆಯಲ್ಲಿ 1969ರಿಂದ ತಯಾರಾದ ಈ ವಾಹನದ್ದು 3,956 ಘನ ಸೆಂಟಿಮೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನು. ಬಲಕ್ಕೆ ಕೊರತೆಯಿಲ್ಲ; ಪೆಟ್ರೋಲ್ ಕುಡಿಯುವುದರಲ್ಲಿಯೂ ಹಿಂದೆ ಬಿದ್ದಿಲ್ಲ. ಕಾರ್ಬ್ಯುರೇಟರ್ ಸವೆದು ಮೈಲೇಜು ಇನ್ನಷ್ಟು ಇಳಿದಾಗ ಹೊಸದನ್ನು ಹಾಕಿಸುವ ಯೋಚನೆ ಬರುವುದು ಸಹಜ. ಆಗ ‘ದೊಡ್ಡದನ್ನೇ ಹಾಕಿಸಿ ಸ್ವಾಮಿ, ಏರಿನಲ್ಲಿ ಹಾರುತ್ತದೆ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರ ಮಾತು ಕೇಳಿದರೆ ವಾಹನವು ಏರಿನಲ್ಲಿ ಹಾರುವುದಿಲ್ಲ, ಮುಗ್ಗರಿಸುತ್ತದೆ. ಏಕೆಂಬುದನ್ನು ನೋಡೋಣ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಕಾರ್ಬ್ಯುರೇಟರಿನ ಮೇಲೆ ಹೊರಿಸುವ ತಪ್ಪುಗಳಲ್ಲಿ ಅನೇಕವು ಅದರದಲ್ಲ. ವಾಲ್ವುಗಳ ಬಿಗಿತ, ಪಾಯಿಂಟುಗಳ ಅಂತರ, ಕಿಡಿಯ ಸಮಯ, ಏರ್ ಕ್ಲೀನರಿನ ಕೊಳೆ, ಎಲ್ಲ ಆರು ಸಿಲಿಂಡರುಗಳ ಕಂಪ್ರೆಷನ್ ಇವಿಷ್ಟನ್ನು ಮೊದಲು ನೋಡಿಸಿ. ಇಂಜಿನು ನಿಧಾನವಾಗಿ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಜೋಡಣೆಗಳ ಮೇಲೆ ಸೋಪಿನ ನೀರು ಬಿಡಿರಿ. ನೀರು ಒಳಕ್ಕೆ ಎಳೆದುಕೊಂಡು ಇಂಜಿನಿನ ಸದ್ದು ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ. ಈ ಪರೀಕ್ಷೆಗೆ ಪೆಟ್ರೋಲನ್ನು ಎಂದೂ ಬಳಸಬಾರದು.

ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಸಮುದ್ರಮಟ್ಟದಲ್ಲಿ 18 ಅಂಗುಲ ತೋರಿಸುವ ಆರೋಗ್ಯವಂತ ಇಂಜಿನು ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಿಮೆ ತೋರಿಸುತ್ತದೆ. ಮಡಿಕೇರಿಯಲ್ಲಿ 14 ಅಂಗುಲ ಬಂದಿತೆಂದು ಇಂಜಿನು ಬಿಚ್ಚಿಸಲು ಹೊರಡಬೇಡಿ.

ಥ್ರಾಟಲ್ ದಂಡವನ್ನು ಬೆರಳಿನಿಂದ ಅಲ್ಲಾಡಿಸಿದಾಗ ಅದು ಸಡಿಲವಾಗಿ ಕುಲುಕಿದರೆ ಕಾರ್ಬ್ಯುರೇಟರಿನ ಆಯುಷ್ಯ ತೀರಿದಂತೆಯೇ ಸರಿ.

ಎಷ್ಟು ಗಾಳಿ ಬೇಕು?

ನಾಲ್ಕು ಹೊಡೆತದ ಇಂಜಿನು ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಅಳತೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ತೋಟದ ಏರುದಾರಿಯಲ್ಲಿ ನಿಮಿಷಕ್ಕೆ 1,500 ಸುತ್ತಿನ ವೇಗವೆಂದು ಇಟ್ಟುಕೊಳ್ಳಿ. ಅದರ ಅರ್ಧ 750, ಅದನ್ನು 3.956 ಲೀಟರಿನಿಂದ ಗುಣಿಸಿದರೆ 2,967 ಲೀಟರ್. ಸಿಲಿಂಡರುಗಳು ಪೂರ್ತಿ ತುಂಬುವುದಿಲ್ಲವಾದ್ದರಿಂದ ನೂರಕ್ಕೆ 78ರಷ್ಟು ಹಿಡಿದರೆ, ನಿಮಿಷಕ್ಕೆ ಸುಮಾರು 2,300 ಲೀಟರ್ ಗಾಳಿ ಬೇಕಾಗುತ್ತದೆ.

ಈ ಗಾಳಿಯು ಕಾರ್ಬ್ಯುರೇಟರಿನ ಇಕ್ಕಟ್ಟಾದ ಕುತ್ತಿಗೆಯ, ಅಂದರೆ ವೆಂಚುರಿಯ ಮೂಲಕ ರಭಸದಿಂದ ಹಾಯಬೇಕು. ರಭಸ ಹೆಚ್ಚಿದಷ್ಟೂ ಅಲ್ಲಿ ಒತ್ತಡ ಇಳಿಯುತ್ತದೆ. ಆ ಒತ್ತಡದ ಇಳಿತವೇ ಜೆಟ್ಟಿನಿಂದ ಪೆಟ್ರೋಲನ್ನು ಮೇಲೆಳೆದು ನುಣ್ಣಗೆ ಚದುರಿಸುತ್ತದೆ. 26 ಮಿಲಿಮೀಟರಿನ ಒಂದೇ ವೆಂಚುರಿಯಲ್ಲಿ ಈ ಗಾಳಿ ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ಹೋಗುತ್ತದೆ. 27 ಮಿಲಿಮೀಟರಿನ ಎರಡು ವೆಂಚುರಿಗಳು ಒಟ್ಟಿಗೆ ತೆರೆದರೆ ವೇಗ 33ಕ್ಕೆ ಇಳಿಯುತ್ತದೆ. ಹನಿಗಳು ದಪ್ಪವಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತವೆ; ಇಂಜಿನು ಕೆಮ್ಮುತ್ತದೆ. ದೊಡ್ಡದನ್ನು ಹಾಕಿಸಿದವರ ಗತಿ ಇದು.

ಆದುದರಿಂದ ಎರಡು ಗಂಟಲುಗಳು ಒಂದಾದ ಮೇಲೊಂದು ತೆರೆಯುವ ಬಗೆಯನ್ನು ಆರಿಸಿಕೊಳ್ಳಿ. ವೇಬರ್ ಕಂಪನಿಯ 32/36 ಇಂಥದು. ಸಾಮಾನ್ಯ ಓಟಕ್ಕೆ ಮೊದಲ ಗಂಟಲು ಮಾತ್ರ ಕೆಲಸ ಮಾಡುತ್ತದೆ. ಅಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತಿದಾಗ ಎರಡನೆಯದು ತೆರೆಯತೊಡಗುತ್ತದೆ. ಅದೇ ಕಂಪನಿಯ 38/38ರಲ್ಲಿ ಎರಡೂ ಒಟ್ಟಿಗೇ ತೆರೆಯುತ್ತವೆ. ಹೆದ್ದಾರಿಯಲ್ಲಿ ವೇಗವಾಗಿ ಓಡಿಸುವವರಿಗೆ ಅದು ಒಪ್ಪೀತು, ಮೂಟೆ ಹೊರುವ ತೋಟದ ವಾಹನಕ್ಕಲ್ಲ. ಪೇಟೆಯಲ್ಲಿ ನಕಲಿ ಮಾಲೂ ಉಂಟು. ಕೊಳ್ಳುವ ಮೊದಲು ಜೆಟ್ಟುಗಳ ಮೇಲಿನ ಅಂಕಿಗಳನ್ನು ಓದಿ, ದಂಡವನ್ನು ಅಲ್ಲಾಡಿಸಿ ನೋಡಿ.

ಜೆಟ್ಟು, ಎತ್ತರ ಮತ್ತು ಎಥೆನಾಲ್

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತ ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಇಂಜಿನುಗಳ ಲೆಕ್ಕವನ್ನು ಬದಲಿಸಿದೆ. ಶುದ್ಧ ಪೆಟ್ರೋಲಿನ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು; ಎಥೆನಾಲಿಗೆ 9 ಕಿಲೋ ಸಾಕು. ಹಳೆಯ ಜೆಟ್ಟಿನಲ್ಲಿಯೇ ಈ ಮಿಶ್ರಣವನ್ನು ಓಡಿಸಿದರೆ ಗಾಳಿಗೆ ಹೋಲಿಸಿ ಇಂಧನ ನೂರಕ್ಕೆ ಸುಮಾರು ಏಳರಷ್ಟು ಕಡಿಮೆ ಬೀಳುತ್ತದೆ. ಭಾರ ಹೊತ್ತು ಏರು ಹತ್ತುವಾಗ ಇಂಥ ಬಡಕಲು ಮಿಶ್ರಣದಿಂದ ಎಕ್ಸಾಸ್ಟ್ ವಾಲ್ವು ಸುಡುವ ಸಂಭವವಿದೆ.

ವೇಬರ್ ಜೆಟ್ಟಿನ ಅಂಕಿಯು ಮಿಲಿಮೀಟರಿನ ನೂರನೆಯ ಭಾಗವನ್ನು ಸೂಚಿಸುತ್ತದೆ. 140 ಎಂದರೆ 1.40 ಮಿಲಿಮೀಟರ್. ಅದನ್ನು 145ಕ್ಕೆ ಏರಿಸಿದರೆ ರಂಧ್ರದ ವಿಸ್ತಾರ ನೂರಕ್ಕೆ ಏಳರಷ್ಟು ಹೆಚ್ಚಿ, ಕೊರತೆ ತುಂಬುತ್ತದೆ.

ಆದರೆ ಇಲ್ಲೊಂದು ಸ್ವಾರಸ್ಯವಿದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿ ತೆಳುವಾಗಿರುವುದರಿಂದ, ಸಮುದ್ರಮಟ್ಟಕ್ಕೆ ಹೊಂದಿಸಿದ ಜೆಟ್ಟು ತಾನಾಗಿಯೇ ನೂರಕ್ಕೆ ಆರರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎತ್ತರದಿಂದ ಬಂದ ಹೆಚ್ಚಳ, ಎಥೆನಾಲಿನ ಕೊರತೆ ಒಂದಕ್ಕೊಂದು ಸರಿಹೋಗುತ್ತವೆ. ವಾಹನ ಗುಡ್ಡದ ಮೇಲೆಯೇ ಇರುವುದಾದರೆ ಜೆಟ್ಟನ್ನು ಮುಟ್ಟಬೇಡಿ. ಮಂಗಳೂರಿಗೆ ಆಗಾಗ ಮಾಲು ಇಳಿಸುವವರು ಮಾತ್ರ ದೊಡ್ಡ ಜೆಟ್ಟು ಹಾಕಿಸಬೇಕು.

ಜೋಡಿಸುವ ಕ್ರಮ

ಬ್ಯಾಟರಿಯ ತಂತಿ ಕಳಚಿ, ಇಂಜಿನು ಪೂರ್ತಿ ತಣಿದ ಮೇಲೆ ಕೆಲಸಕ್ಕೆ ತೊಡಗಿ. ಹತ್ತಿರ ಬೀಡಿ, ದೀಪ ಬೇಡ. ಹೊಸ ಕಾರ್ಬ್ಯುರೇಟರು ಹಳೆಯ ಮ್ಯಾನಿಫೋಲ್ಡಿಗೆ ನೇರವಾಗಿ ಕೂಡದಿದ್ದರೆ ನಡುವೆ ಅಲ್ಯೂಮಿನಿಯಂ ತಟ್ಟೆಯೊಂದನ್ನು ಲೇತಿನ ಕೆಲಸಗಾರರಿಂದ ಮಾಡಿಸಬೇಕು. ಥ್ರಾಟಲನ್ನು ಪೂರ್ತಿ ತೆರೆದಾಗ ಅದರ ಬಿಲ್ಲೆಗಳು ಈ ತಟ್ಟೆಗೆ ತಾಗಬಾರದು. ತಾಗಿ ಸಿಕ್ಕಿಕೊಂಡರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರ. ಬಿಗಿದ ನಂತರವೂ ಕೈಯಿಂದ ಹತ್ತಾರು ಬಾರಿ ತೆರೆದು ಮುಚ್ಚಿ ನೋಡಿ. ಹಿಂದಕ್ಕೆಳೆಯುವ ಸ್ಪ್ರಿಂಗು ಒಂದಲ್ಲ, ಎರಡು ಇರಲಿ.

ಎರಡು ಗಂಟಲುಗಳು ಒಂದರ ಹಿಂದೊಂದು ನಿಲ್ಲದೆ, ಇಂಜಿನಿಗೆ ಅಡ್ಡಲಾಗಿ ನಿಲ್ಲಬೇಕು. ಹಾಗಿದ್ದರೆ ಮೊದಲ ಗಂಟಲು 1ನೆಯ ಮತ್ತು 6ನೆಯ ಸಿಲಿಂಡರುಗಳಿಗೆ ಸಮದೂರದಲ್ಲಿರುತ್ತದೆ. ಫ್ಲೋಟ್ ಕೋಣೆ ಮುಂದಕ್ಕೆ ಬರುವಂತಿದ್ದರೆ ಏರಿನಲ್ಲಿ ಜೆಟ್ಟುಗಳಿಗೆ ಪೆಟ್ರೋಲ್ ತಪ್ಪುವುದಿಲ್ಲ. ಪಂಪಿನ ಒತ್ತಡ ಚದರ ಅಂಗುಲಕ್ಕೆ 2½ರಿಂದ 3½ ಪೌಂಡು ಸಾಕು. ಹೆಚ್ಚಾದರೆ ಸೂಜಿ ಮುಚ್ಚದೆ ಪೆಟ್ರೋಲ್ ಉಕ್ಕುತ್ತದೆ. ವಿದ್ಯುತ್ ಚೋಕು ಇರುವ ಬಗೆಯನ್ನು ಕೊಂಡಿದ್ದರೆ ಅದು 12 ವೋಲ್ಟಿನದು; ನಿಮ್ಮ ವಾಹನದ್ದು 24 ವೋಲ್ಟ್ ಅಲ್ಲವೆಂದು ಖಚಿತಪಡಿಸಿಕೊಳ್ಳಿ.

ಹಳೆಯ ರಬ್ಬರ್ ನಳಿಕೆಗಳನ್ನೂ ಪಂಪಿನ ಪೊರೆಯನ್ನೂ ಎಥೆನಾಲ್ ಮೆತ್ತಗೆ ಮಾಡುತ್ತದೆ. ಅದನ್ನು ತಾಳಿಕೊಳ್ಳುವ ಹೊಸವನ್ನು ಹಾಕಿಸಿ. ಈ ಖರ್ಚಿನಲ್ಲಿ ಉಳಿತಾಯ ಬೇಡ, ಬಿಸಿ ಇಂಜಿನಿನ ಮೇಲೆ ತೊಟ್ಟಿಕ್ಕುವುದು ಪೆಟ್ರೋಲು. ಮಳೆಗಾಲದಲ್ಲಿ ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ಲೋಟ್ ಕೋಣೆಯನ್ನು ಬರಿದು ಮಾಡಿ. ಎಥೆನಾಲ್ ತೇವ ಹೀರುತ್ತದೆ. ತೇವ ಮಿತಿಮೀರಿದರೆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ.

ಹೊಸದನ್ನು ಕೂಡಿಸುವ ಮೊದಲೇ ಟ್ಯಾಂಕು ತುಂಬಿಸಿ, ಗೊತ್ತಾದ ದಾರಿಯಲ್ಲಿ, ಗೊತ್ತಾದಷ್ಟು ಮೂಟೆ ಹೇರಿ ಐವತ್ತು ಕಿಲೋಮೀಟರ್ ಓಡಿಸಿ ಲೆಕ್ಕ ಬರೆದಿಡಿ. ಜೋಡಿಸಿದ ಮೇಲೆ ಅದೇ ದಾರಿ, ಅದೇ ಭಾರ. ಅನಂತರ ಆರೂ ಪ್ಲಗ್ಗುಗಳನ್ನು ಕಳಚಿ ಸಾಲಾಗಿ ಇಡಿ. ತಿಳಿಗಂದು ಬಣ್ಣವಿದ್ದರೆ ಸರಿ. ಎಲ್ಲವೂ ಬಿಳಿಚಿದ್ದರೆ ಜೆಟ್ಟು ಚಿಕ್ಕದು, ಎಲ್ಲವೂ ಮಸಿಯಾಗಿದ್ದರೆ ದೊಡ್ಡದು. ತುದಿಯ ಎರಡು ಮಾತ್ರ ಬಿಳಿಚಿದ್ದರೆ ಜೆಟ್ಟಿಗೆ ಕೈಹಾಕುವ ಮುನ್ನ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟನ್ನು ಆ ಎರಡು ತುದಿಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿ.